ಬಾಟಲಿಯ ತಳದ ಗುಲಾಬಿ ಚುಕ್ಕೆ

"ಮುಟ್ಟಬೇಡಿ!" ಎಂದು ಇನ್ಸ್‌ಪೆಕ್ಟರ್ ಕೂಗುವಷ್ಟರಲ್ಲಿ ಬಾಟಲಿ ನನ್ನ ಕೈಯಲ್ಲಿತ್ತು.

"ಮುಟ್ಟಿಲ್ಲ ಸರ್, ಎತ್ತಿ ನೋಡ್ತಿದೀನಿ ಅಷ್ಟೇ."

"ಎರಡಕ್ಕೂ ಏನಮ್ಮ ವ್ಯತ್ಯಾಸ?"

"ಮುಟ್ಟೋದಾಗಿದ್ರೆ ನಿಮ್ಮನ್ನ ಕೇಳ್ತಿದ್ದೆ."

ಅವರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಪಾಪ, ಒಳ್ಳೆಯ ಮನುಷ್ಯ. ರಜೆ ಸಿಕ್ಕರೆ ಗಾಳ ಹಿಡಿದು ನದಿ ದಡದಲ್ಲಿ ಕೂರುವವರು. ಹೊಳೆಯ ತುಂಬ ಮೀನು ಹೊಟ್ಟೆ ಮೇಲಾಗಿ ತೇಲಿದ್ದು ಅವರಿಗೆ ಬರೀ ಕೇಸಲ್ಲ, ಮನೆಯಲ್ಲಿ ಸಾವಾದ ಹಾಗಿತ್ತು.

ಆ ಮೀನುಗಳ ಸಾವೂ, ಆ ನೀರು ಕುಡಿದು ವಾಂತಿ ಮಾಡಿಕೊಂಡ ಮಕ್ಕಳ ಗೋಳೂ ನನ್ನ ಭಾವನ ತಲೆಗೆ ಕಟ್ಟಿಕೊಂಡು ಮೂರು ದಿನವಾಗಿತ್ತು. ಭಾವ ಬಾಡಿಗೆಗೆ ಹೊಲಗಳಿಗೆ ಔಷಧಿ ಸಿಂಪಡಿಸುವವರು. ಟ್ಯಾಂಕಿನಲ್ಲಿ ಉಳಿದ ಕೀಟನಾಶಕವನ್ನು ನದಿಗೆ ಸುರಿದರು ಎಂಬುದು ಅವರ ಮೇಲಿನ ಆರೋಪ. ಅದಕ್ಕೆ ಇದ್ದ ಸಾಕ್ಷಿ ಒಂದೇ, ನದಿಯಿಂದ ತುಂಬಿ ತಂದ ಎರಡು ಬಾಟಲಿ ನೀರು. ಒಂದು ಸರ್ಕಾರಿ ಲ್ಯಾಬಿಗೆ ಹೋಗಿ, ಭಾವ ಹೊಡೆಯುವ ಕೀಟನಾಶಕವೇ ಅದರಲ್ಲಿದೆ ಎಂಬ ವರದಿ ಹೊತ್ತು ತಂದಿತ್ತು. ಅದರ ಜೋಡಿ ಸೀಲ್ ಆಗಿ ಸ್ಟೇಷನ್ನಿನ ಬೀರುವಿನಲ್ಲಿ ಮಲಗಿತ್ತು. ಮಧ್ಯಾಹ್ನ ಭಾವನನ್ನು ಕೋರ್ಟಿಗೆ ಕರೆದೊಯ್ಯುತ್ತಾರೆ. ಅಲ್ಲಿಗೆ ಹೋದರೆ ಜೈಲೇ ಗತಿ.

ನನ್ನ ಕೈಯಲ್ಲಿ ಇದ್ದದ್ದು ಒಂದು ಬೆಳಗು. ಪತ್ತೇದಾರಿಕೆಗೆ ಇಳಿಯುವ ಮುಂಚೆ ನಾನು ಕುಡಿಯುವ ನೀರಿನ ಘಟಕದ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ಬಾಟಲಿ ನೋಡಿದ ತಕ್ಷಣ ತಪ್ಪು ಎಲ್ಲಿದೆ ಎಂದು ಗೊತ್ತಾಯಿತು.

"ಸರ್, ಇದು ಪ್ಲಾಸ್ಟಿಕ್ಕು."

"ಹೌದು, ಪ್ಲಾಸ್ಟಿಕ್ಕು. ಬೆಳ್ಳಿ ತಂಬಿಗೆಯಲ್ಲಿ ತರಬೇಕಿತ್ತಾ?"

"ಗಾಜಿನದ್ರಲ್ಲಿ ತರಬೇಕಿತ್ತು. ಕೀಟನಾಶಕ ಪ್ಲಾಸ್ಟಿಕ್ಕಿಗೆ ಅಂಟ್ಕೊಳ್ಳುತ್ತೆ. ಅದನ್ನ ಹುಡುಕೋರು ಕಂದು ಗಾಜಿನ ಬಾಟಲಿ ಬಿಟ್ಟು ಬೇರೆ ಮುಟ್ಟಲ್ಲ. ಈ ಥರ ಪ್ಲಾಸ್ಟಿಕ್ ಬಾಟಲಿ ಇಟ್ಕೊಳ್ಳೋರು ಬೇರೆ ಜನ."

"ಯಾವ ಜನ?"

ನಾನು ಬಾಟಲಿಯನ್ನು ಬೆಳಕಿಗೆ ತಿರುಗಿಸಿದೆ. ಬಾಟಲಿಯನ್ನು ಅಡ್ಡ ಮಲಗಿಸಿ ಇಟ್ಟಿದ್ದರಿಂದ ಮುಚ್ಚಳದ ಸಂದಿಯಿಂದ ಒಂದಿಷ್ಟು ನೀರು ಜಿನುಗಿತ್ತು. ಅದು ಹರಿದ ಜಾಗದಲ್ಲಿ ಚೀಟಿಯ ಮೇಲಿನ ನೀಲಿ ಶಾಯಿ ಬಿಳಿಚಿಕೊಂಡಿತ್ತು. ಸೀಲಿನ ಕೆಳಗೆ ಕಟ್ಟಿದ ದಾರ ಕೈ ತಾಕಿದರೆ ಪುಡಿಯಾಗುವ ಹಾಗಿತ್ತು. ಬರೀ ನೀರು ದಾರವನ್ನು ತಿನ್ನುತ್ತದೆಯೇ?

ಬಾಟಲಿಯನ್ನು ಮೇಲೆತ್ತಿ ತಳ ನೋಡಿದೆ. ನಡುವೆ ಒಂದು ಸಣ್ಣ ಗುಲಾಬಿ ಚುಕ್ಕೆ. ಕುಂಚದಿಂದ ಇಟ್ಟ ಹಾಗೆ ದುಂಡಗೆ ಹೊಳೆಯುತ್ತಿತ್ತು.

"ಭಾವ!" ಎಂದು ಕೂಗಿದೆ. "ನಿಮ್ಮ ಡಬ್ಬಿಯಲ್ಲಿ ಪಟ್ಟಿ ಇದೆಯಾ?"

ಸ್ಟೇಷನ್ನಿನ ಆ ಮೂಲೆಯ ಬೆಂಚಿನ ಮೇಲೆ ಭಾವ, ಅವರ ಪಕ್ಕ ಅಕ್ಕ. ಅಕ್ಕ ಊರಿನ ಆರೋಗ್ಯ ಕೇಂದ್ರದಲ್ಲಿ ನರ್ಸು. ಡ್ಯೂಟಿಗೆ ಹೋಗುವ ದಾರಿಯಲ್ಲಿ ಗಂಡನಿಗೆ ಒಗೆದ ಬಟ್ಟೆ ತಂದಿದ್ದಳು.

"ಇರಬೇಕು ನೋಡಮ್ಮ ಪತ್ತೇದಾರಮ್ಮ" ಎಂದರು ಭಾವ. ಮೂರು ದಿನದ ಗಡ್ಡದಲ್ಲೂ ನನ್ನನ್ನು ಕೀಟಲೆ ಮಾಡುವುದು ಬಿಟ್ಟಿರಲಿಲ್ಲ. "ನನ್ನ ಡಬ್ಬೀನೇ ಸಾಹೇಬ್ರು ಜಪ್ತಿ ಮಾಡಿದ್ದಾರೆ. ಅವರ ಅಪ್ಪಣೆ ಆಗ್ಬೇಕು."

ಔಷಧಿ ಬೆರೆಸುವ ನೀರು ಸರಿಯಿಲ್ಲದಿದ್ದರೆ ಔಷಧಿಯ ಶಕ್ತಿ ಹೋಗುತ್ತದೆ. ಅದಕ್ಕೆ ಒಳ್ಳೆಯ ಸಿಂಪಡಣೆಯವರು ನೀರಿನ ಹುಳಿ ನೋಡುವ ಕಾಗದದ ಪಟ್ಟಿಗಳನ್ನು ಇಟ್ಟುಕೊಂಡಿರುತ್ತಾರೆ. ಇನ್ಸ್‌ಪೆಕ್ಟರ್ ಗೊಣಗುತ್ತ ಡಬ್ಬಿ ತೆಗೆದು ಕೊಟ್ಟರು. ಬೆಳಿಗ್ಗೆ ನಾನೇ ನದಿಯಿಂದ ಕುಡಿಯುವ ನೀರಿನ ಬಾಟಲಿಯಲ್ಲಿ ಹಿಡಿದು ತಂದಿದ್ದ ನೀರಿಗೆ ಒಂದು ಪಟ್ಟಿ ಅದ್ದಿದೆ. ಎಳೆ ಹಸಿರು, ಅಂದರೆ ಹುಳಿಯಿಲ್ಲ; ಹುಳಿಯಿದ್ದರೆ ಕೆಂಪು.

ಇನ್ನೊಂದನ್ನು ಸೀಲ್ ಮುಟ್ಟದೆ, ಮುಚ್ಚಳದ ಹೊರಗಿನ ಜಿನುಗಿಗೆ ಒತ್ತಿದೆ. ಪಟ್ಟಿ ಒಂದೇ ಕ್ಷಣದಲ್ಲಿ ಮೆಣಸಿನಕಾಯಿಯಷ್ಟು ಕೆಂಪಗಾಯಿತು.

ನನಗೆ ಕುಣಿಯಬೇಕೆನ್ನಿಸಿತು. ಸ್ಟೇಷನ್ನು ಎಂಬ ಮರ್ಯಾದೆಗೆ ಸುಮ್ಮನಿದ್ದೆ.

"ಅದರಲ್ಲೇನಿದೆ?" ಎಂದರು ಇನ್ಸ್‌ಪೆಕ್ಟರ್. "ಊರಾಚೆ ಗಣಿ ನೀರು ಹುಳಿ ಅಂತ ಊರಿಗೆಲ್ಲ ಗೊತ್ತು. ಅದು ಆವತ್ತು ನದಿಗೆ ಬಂದಿರುತ್ತೆ, ನದಿ ಹುಳಿ ಆಗಿರುತ್ತೆ. ನೀವು ತಂದಿದ್ದು ಇವತ್ತಿನ ನೀರು."

ಒಳ್ಳೆಯ ವಾದವೇ. ಆದರೆ ನಾನು ಬೆಳಿಗ್ಗೆ ನದಿಗೆ ಮುಖ ತೊಳೆಯಲು ಹೋಗಿರಲಿಲ್ಲ.

"ಸರ್, ಇಷ್ಟು ಹುಳಿ ನದಿಯಲ್ಲಿ ಒಂದು ದಿನ ಇದ್ದಿದ್ರೂ ದಡದ ಕಲ್ಲಿಗೆ ಅಂಟಿರೋ ಬಸವನಹುಳುಗಳ ಚಿಪ್ಪು ಕರಗಿ ತೂತಾಗ್ತಿತ್ತು. ಹುಳು ಸತ್ತಿವೆ, ಆದ್ರೆ ಚಿಪ್ಪು ಗಟ್ಟಿಯಾಗಿವೆ. ಬೇಕಾದ್ರೆ ನೋಡಿ, ಕರವಸ್ತ್ರದಲ್ಲಿ ಕಟ್ಟಿ ತಂದಿದೀನಿ."

"ಬೇಡ, ಬೇಡ. ಮೇಜಿನ ಮೇಲೆ ಸುರೀಬೇಡಿ."

"ಈ ಹುಳಿ ನದಿದಲ್ಲ. ಬಾಟಲಿದು. ನೀರಲ್ಲಿ ಸೀಸ, ತಾಮ್ರ ಅಂತ ಲೋಹ ಹುಡುಕೋರು ಖಾಲಿ ಬಾಟಲಿಗೆ ಮೊದಲೇ ಒಂದೆರಡು ಹನಿ ಆ್ಯಸಿಡ್ ಹಾಕಿಡ್ತಾರೆ. ಇಲ್ಲಾಂದ್ರೆ ಲೋಹ ಬಾಟಲಿ ಗೋಡೆಗೆ ಅಂಟ್ಕೊಂಡು ಲೆಕ್ಕಕ್ಕೆ ಸಿಗಲ್ಲ. ಕೀಟನಾಶಕ ಹುಡುಕೋರು ಹಾಗೆ ಮಾಡಲ್ಲ. ಈಗ ಹೇಳಿ, ಈ ಸುತ್ತಮುತ್ತ ದಿನಾ ಲೋಹ ಅಳೆಯೋ ಲ್ಯಾಬು ಎಲ್ಲಿದೆ?"

ಇನ್ಸ್‌ಪೆಕ್ಟರ್ ಕಿಟಕಿಯ ಕಡೆ ನೋಡಿದರು. ಅಲ್ಲಿಂದ ಗಣಿಯ ಮಣ್ಣಿನ ದಿಬ್ಬ ಕಾಣುತ್ತಿತ್ತು.

ಅಕ್ಕನ ಕಣ್ಣಲ್ಲಿ ನೀರು ಬಂದಿತ್ತು. ನಾನು ಹೋಗಿ ಅವಳ ಭುಜ ಹಿಡಿದು ಅಲುಗಾಡಿಸಿದೆ. "ಅಳೋದ್ಯಾಕೆ, ನಗೇ! ಭಾವ ಮಧ್ಯಾಹ್ನ ಮನೇಲಿರ್ತಾರೆ."

"ಪುಟ್ಟಿ, ಸ್ವಲ್ಪ ನಿಧಾನ ಮಾಡು" ಎಂದಳು ಅಕ್ಕ. "ಒಂದು ದಿನ ಯೋಚನೆ ಮಾಡಿ..."

"ಯೋಚನೆ ಮಾಡ್ತಾ ಕೂತ್ರೆ ಕೋರ್ಟು ಕಾಯುತ್ತಾ?"

ಅವಳು ಚೀಲ ಎತ್ತಿಕೊಂಡು ಡ್ಯೂಟಿಗೆ ಹೊತ್ತಾಯಿತೆಂದು ಹೊರಟುಬಿಟ್ಟಳು. ಚಿಕ್ಕಂದಿನಿಂದಲೂ ಅಷ್ಟೇ. ಒಳ್ಳೆಯ ಸುದ್ದಿ ಬಂದರೂ ಮೊದಲು ಹೆದರುವವಳು.

ಇನ್ಸ್‌ಪೆಕ್ಟರ್ ನೀರು ತುಂಬಿ ತಂದ ಆರೋಗ್ಯ ಇಲಾಖೆಯವನಿಗೆ ಫೋನ್ ಹಚ್ಚಿದರು. ಆಸಾಮಿ ಮೊದಲು ತಡಬಡಾಯಿಸಿ, ಆಮೇಲೆ ದಾರಿಗೆ ಬಂದ.

"ಸರ್, ನಾನು ತುಂಬಿದ್ದು ಗಾಜಿನ ಬಾಟಲೀಲೇ. ಕೆಲಸ ಗೊತ್ತಿಲ್ವಾ ನನಗೆ? ಸಂಜೆ ಆಗಿತ್ತು, ಆರೋಗ್ಯ ಕೇಂದ್ರದ ಫ್ರಿಜ್ಜಲ್ಲಿಟ್ಟು ಹೋದೆ. ಮಾರನೆ ದಿನ ಬೆಳಿಗ್ಗೆ ನಮ್ಮ ಗುಮಾಸ್ತ ಹೋಗಿ ಅಲ್ಲೇ ಸೀಲ್ ಹಾಕಿ ಕಳಿಸ್ದ. ನಾನು ನೋಡಿಲ್ಲ."

"ಸಹಿ ನಿಂದಿದೆ!"

"ಸಹಿ ಮೊದಲೇ ಮಾಡಿಟ್ಟಿದ್ದೆ ಸರ್."

ಇನ್ಸ್‌ಪೆಕ್ಟರ್ ಫೋನಿಗೆ ಹೇಳಿದ ಮಾತನ್ನು ನಾನಿಲ್ಲಿ ಬರೆಯುವುದಿಲ್ಲ. ಮನೆಮಂದಿಯೆಲ್ಲ ಓದುವ ಪತ್ರಿಕೆ ಇದು.

ಅಂದರೆ ಫ್ರಿಜ್ಜಿನಲ್ಲಿ ಬಾಟಲಿ ಬದಲಾಗಿತ್ತು. ನದಿಯ ನೀರು ಹೋಗಿ, ಯಾರೋ ಕೀಟನಾಶಕ ಬೆರೆಸಿದ ನೀರು ಬಂದು ಕುಳಿತಿತ್ತು. ಬಾಟಲಿ ಗಣಿಯದು. ಭಾವ ಒಳಗೆ ಹೋದರೆ ಲಾಭ ಗಣಿಗೆ. ಇನ್ನೇನು ಬೇಕು?

ನನ್ನ ಭಾವ ದೇವರಂಥವರು ಎಂದು ನಾನು ಯಾವತ್ತೂ ಹೇಳಿಲ್ಲ. ಟ್ಯಾಂಕನ್ನು ನದಿಯಲ್ಲಿ ತೊಳೆದ ಕಾಲವೂ ಇತ್ತು. ಹೊಲದ ಕಡೆಯವರೆಲ್ಲ ತೊಳೆದವರೇ. ಜೋರು ಮಳೆ ಬಿದ್ದರೆ ಗೊಬ್ಬರವೆಲ್ಲ ಕೊಚ್ಚಿಕೊಂಡು ಹೋಗಿ ನದಿ ತಿಂಗಳುಗಟ್ಟಲೆ ಹಸಿರು ಪಾಚಿ ಹೊದ್ದು ನಾರುತ್ತದೆ. ಗಣಿಯವರು ಹೊಲದ ಕಡೆ ಬೆರಳು ತೋರಿಸುತ್ತಾರೆ, ಹೊಲದವರು ಗಣಿಯ ಕಡೆ. ನದಿ ಇಬ್ಬರ ಮನೆಯ ಬಚ್ಚಲಾಗಿದೆ. ಇದೆಲ್ಲ ನನಗೆ ಸಿಟ್ಟು ಬರಿಸುವ ವಿಷಯವೇ. ಆದರೆ ಮಾಡದ ತಪ್ಪಿಗೆ ನಮ್ಮ ಮನೆಯವರನ್ನು ಒಳಗೆ ಹಾಕಿದರೆ ಬರುವ ಸಿಟ್ಟೇ ಬೇರೆ.

"ಇನ್ನೂ ಅರೆಸ್ಟ್ ಅಂತ ಬರೆದಿಲ್ಲ, ವಿಚಾರಣೆಗೆ ಕರೆಸಿದ್ದು ಅಷ್ಟೇ" ಎಂದರು ಇನ್ಸ್‌ಪೆಕ್ಟರ್. ಗಲ್ಲ ಕೆರೆದುಕೊಂಡರು. "ಸಾಕ್ಷಿ ಹೀಗೆ ಹಳ್ಳ ಹಿಡಿದ ಮೇಲೆ ಕೋರ್ಟಿಗೆ ಒಯ್ದು ನಾನು ಮಂಗ ಆಗ್ಬೇಕಾ? ಹೋಗಪ್ಪ, ಮನೆಗೆ ಹೋಗು. ಕರೆದಾಗ ಬರಬೇಕು."

ಭಾವ ಎದ್ದು ನಿಂತರು. ನಾನು ಚಪ್ಪಾಳೆ ತಟ್ಟಿಬಿಟ್ಟೆ, ಪಹರೆಯವನೂ ನಕ್ಕ.

ಭಾವ ಮಾತ್ರ ನಗಲಿಲ್ಲ. "ನನ್ನ ಬೈಕ್ ಕೀ ಕೊಡಿ ಸಾಹೇಬ್ರೆ" ಎಂದರು. "ಒಂದು ಕೆಲಸ ಅರ್ಧಕ್ಕೇ ನಿಂತಿದೆ."

"ಮೊದಲು ಸ್ನಾನ ಮಾಡಿ ಭಾವ. ನಿಮ್ಮ ಪಕ್ಕ ನಿಂತ್ರೆ ಪಟ್ಟಿ ತಾನಾಗೇ ಕೆಂಪಾಗುತ್ತೆ."

"ಬಾಯಿ ಜೋರು ನಿಂದು" ಎಂದು ನನ್ನ ತಲೆಯ ಮೇಲೊಂದು ಮೊಟಕಿ, ಕೀ ತೆಗೆದುಕೊಳ್ಳಲು ಪಹರೆಯವನ ಬಳಿ ಹೋದರು. ಆ ಮೊಟಕಿನಲ್ಲಿ ಇಷ್ಟು ದಿನದ ಭಾರವೆಲ್ಲ ಇಳಿದ ಹಾಗಾಯಿತು ನನಗೆ.

ಅವರನ್ನು ಅಲ್ಲೇ ಬಿಟ್ಟು ನಾನೂ ಇನ್ಸ್‌ಪೆಕ್ಟರೂ ಜೀಪು ಹತ್ತಿ ನೇರ ಗಣಿಗೆ ಹೋದೆವು.

ಗಣಿಯ ಲ್ಯಾಬು ಕಚೇರಿಯ ಹಿಂದಿನ ತಗಡಿನ ಕೋಣೆ. ಬಾಗಿಲು ತೆಗೆದರೆ ಮೂಗಿಗೆ ಮುಳ್ಳು ಚುಚ್ಚಿದಂಥ ವಾಸನೆ. ಹಲಗೆಯ ಮೇಲೆ ತೊಳೆದು ಬೋರಲು ಹಾಕಿದ ಪ್ಲಾಸ್ಟಿಕ್ ಬಾಟಲಿಗಳ ಸಾಲು. ಹಿಂದಿನ ಕಿಟಕಿಯಿಂದ ಗಣಿಯ ಕೆಸರು ನಿಲ್ಲಿಸುವ ದೊಡ್ಡ ಕೊಳ ಕಾಣುತ್ತಿತ್ತು. ನೀರು ತುಕ್ಕಿನ ಬಣ್ಣ. ಅದರ ಏರಿಯ ಮೇಲೆ ಒಂದು ಕಡೆ ಹೊಸ ಮಣ್ಣು ಸುರಿದು ಮಟ್ಟ ಮಾಡಿದ್ದರು.

ಅಲ್ಲಿನ ಕೆಮಿಸ್ಟನ್ನು ಎಲ್ಲರೂ ಹುಳಿಯಪ್ಪ ಎಂದೇ ಕರೆಯುತ್ತಾರೆ. ಆ್ಯಸಿಡ್ ಸಿಡಿದು ಅಂಗಿಯ ತೋಳೆಲ್ಲ ಜರಡಿಯಾಗಿದ್ದ ಸಣಕಲು ಮನುಷ್ಯ. ಖಾಕಿ ಕಂಡವನೇ ಕೈಯಲ್ಲಿದ್ದ ಗಾಜಿನ ನಳಿಕೆಯನ್ನು ಮೂರು ಸಲ ಇಟ್ಟು ಎತ್ತಿದ.

"ನಮ್ಮ ಲ್ಯಾಬಿನ ಬಾಟಲಿ ಹೊರಗೆ ಹೋಗಲ್ಲ ಮೇಡಂ."

"ಇಂಥ ಬಾಟಲಿ ಬೇರೆ ಎಲ್ಲಿ ಸಿಗುತ್ತೆ?"

"ಎಲ್ಲಾ ಕಡೆ ಸಿಗುತ್ತೆ. ಅಂಗಡೀಲಿ ಸಿಗುತ್ತೆ."

"ಆ್ಯಸಿಡ್ ಹಾಕಿದ್ದು ಸಿಗುತ್ತಾ?"

"ಆ್ಯಸಿಡ್ಡೂ ಅಂಗಡೀಲಿ ಸಿಗುತ್ತೆ. ಯಾರು ಬೇಕಾದ್ರೂ ಹಾಕಬಹುದು."

ನಾನು ಹಲಗೆಯ ಹತ್ತಿರ ಹೋದೆ. ಒಂದು ಪಕ್ಕ ಖಾಲಿ ಬಾಟಲಿಗಳು, ಇನ್ನೊಂದು ಪಕ್ಕ ಮುಚ್ಚಳ ಬಿಗಿದ ಬಾಟಲಿಗಳು. ಮುಚ್ಚಳ ಬಿಗಿದ ಒಂದನ್ನು ಎತ್ತಿ ಬೋರಲು ಮಾಡಿದೆ. ತಳದ ನಡುವೆ ಗುಲಾಬಿ ಚುಕ್ಕೆ. ಇನ್ನೊಂದು ಎತ್ತಿದೆ. ಗುಲಾಬಿ ಚುಕ್ಕೆ. ಖಾಲಿಯದರಲ್ಲಿ ಒಂದನ್ನು ಎತ್ತಿದೆ. ಚುಕ್ಕೆ ಇಲ್ಲ.

"ಇದ್ಯಾಕೆ?"

"ಒಂದು ಗುರುತು."

"ಏನಕ್ಕೆ ಗುರುತು?"

"ಆ್ಯಸಿಡ್ ಹಾಕಿಯಾಗಿದೆ ಅಂತ. ಮರೆತು ಎರಡನೇ ಸಲ ಹಾಕಬಾರದಲ್ಲ. ಪೆನ್ನಲ್ಲಿ ಬರೆದ್ರೆ ಅಳಿಸಿಹೋಗುತ್ತೆ. ಅದಕ್ಕೆ..."

"ಅದಕ್ಕೆ?"

"ಹೆಂಡತಿಯ ಉಗುರು ಬಣ್ಣ."

ಇನ್ಸ್‌ಪೆಕ್ಟರ್ ಫೋನಿನಲ್ಲಿ ತೆಗೆದಿದ್ದ ಸ್ಟೇಷನ್ ಬಾಟಲಿಯ ಚಿತ್ರ ತೋರಿಸಿದರು. ಅದೇ ಗುಲಾಬಿ. ಅದೇ ದುಂಡು. ಅಂಗಡಿಯ ಬಾಟಲಿಗೆ, ಅಂಗಡಿಯ ಆ್ಯಸಿಡ್ಡಿಗೆ, ಇವನ ಹೆಂಡತಿ ಉಗುರು ಬಣ್ಣ ಹಚ್ಚಿ ಕಳಿಸುತ್ತಾಳೆಯೇ?

ನನಗೆ ರೋಮಾಂಚನವಾಯಿತು. ಸುಳ್ಳೇಕೆ ಹೇಳಲಿ? ಇಂಥ ಗಳಿಗೆಗಾಗಿಯೇ ನಾನು ಈ ಕೆಲಸ ಹಿಡಿದದ್ದು.

"ನಿಮ್ಮ ಮ್ಯಾನೇಜರ್ ಕೇಳಿದ, ನೀವು ಕೊಟ್ರಿ" ಎಂದೆ. "ಅವನು ವಿಷ ಬೆರೆಸಿದ. ನಿಮ್ಮ ಅಭ್ಯಾಸವೇ ನಿಮ್ಮನ್ನ ಹಿಡ್ಕೊಡ್ತು. ಅಲ್ವಾ?"

"ಅಯ್ಯೋ ಇಲ್ಲ!" ಹುಳಿಯಪ್ಪ ಓಡಿಹೋಗಿ ಬಾಗಿಲು ಮುಚ್ಚಿದ. ಧ್ವನಿ ತಗ್ಗಿಸಿದ. "ಮ್ಯಾನೇಜರಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು. ಅವರಿಗೆ ಗೊತ್ತಿಲ್ಲದ ಹಾಗೇ ನಾನು ಬಾಟಲಿ ಕೊಡ್ತಿದ್ದೆ. ಆರು ತಿಂಗಳಿಂದ. ಊರಿನ ಬಾವಿ ನೀರು, ನದಿ ನೀರು, ತುಂಬಿಸ್ಕೊಂಡು ತರೋರು. ನಾನು ಕದ್ದು ನೋಡಿ ಹೇಳ್ತಿದ್ದೆ."

"ಏನಿತ್ತು ಅದರಲ್ಲಿ?" ಇನ್ಸ್‌ಪೆಕ್ಟರ್ ಕೇಳಿದರು.

"ಸೀಸ. ಆರ್ಸೆನಿಕ್. ಎರಡೂ. ಮೊದಮೊದಲು ಸ್ವಲ್ಪ, ಆಮೇಲೆ ಜಾಸ್ತಿ." ಅವನು ಕಿಟಕಿಯಾಚೆ ಹೊಸ ಮಣ್ಣಿನ ಕಡೆ ನೋಡಿ ಕಣ್ಣು ಕೆಳಗೆ ಹಾಕಿದ. "ಅಲ್ಲಿ ಏರಿ ಒಡೆದಿತ್ತು. ಮೀನು ಸತ್ತ ಹಿಂದಿನ ದಿನ."

ಇನ್ಸ್‌ಪೆಕ್ಟರ್ ಮುಖ ಕೆಂಪಾಯಿತು. ಅವರ ಮೀನಿನ ಕೊಲೆಗಾರ ಸಿಕ್ಕಿದ್ದ. ನಾನು ಮುಷ್ಟಿ ಬಿಗಿದು ಮೇಜಿನ ಮೇಲೆ ಗುದ್ದಿದೆ. ಗೆದ್ದೆವು! ಭಾವ ಪೂರಾ ಬಚಾವು, ಗಣಿ ಪೂರಾ ಸಿಕ್ಕಿಬಿತ್ತು. ಒಂದೇ ಒಂದು ಕೊಂಡಿ ಉಳಿದಿತ್ತು.

"ಕೊನೇ ಎರಡು ಬಾಟಲಿ ಯಾರಿಗೆ ಕೊಟ್ರಿ?"

"ಅವರಿಗೇ. ಮಾಮೂಲಿ ತಗೊಳ್ಳೋರಿಗೇ. ಆವತ್ತು ರಾತ್ರಿನೇ ಬೇಕು ಅಂದ್ರು. ಮೇಡಂ, ನನಗೆ ಆಗ್ಲೇ ವಿಚಿತ್ರ ಅನ್ನಿಸ್ತು. ಈ ಆ್ಯಸಿಡ್ಡಿಂದ ಹೊಲದ ಔಷಧಿ ಕೆಡುತ್ತಾ ಅಂತ ಕೇಳಿದ್ರು. ನಾಲ್ಕು ದಿನಕ್ಕೆ ಏನೂ ಆಗಲ್ಲ ಅಂದೆ."

"ಯಾರು?"

"ನರ್ಸಮ್ಮ."

ಮೇಜಿನ ಮೇಲಿದ್ದ ಮುಷ್ಟಿಯನ್ನು ಹಿಂದಕ್ಕೆಳೆದುಕೊಂಡೆ.

"ಯಾವ ನರ್ಸಮ್ಮ?" ಎಂದೆ.

"ಆರೋಗ್ಯ ಕೇಂದ್ರದಲ್ಲಿ ಇರೋದು ಒಬ್ರೇ ಅಲ್ವಾ ಮೇಡಂ?"

ಇನ್ಸ್‌ಪೆಕ್ಟರ್ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ನನ್ನ ಮುಖ ನೋಡಲಿಲ್ಲ. ಆ ಮನುಷ್ಯನ ಒಳ್ಳೆಯತನಕ್ಕೆ ನಾನು ಯಾವತ್ತೂ ಋಣಿ.

ಸುಳ್ಳು ಎಂದು ಕಿರುಚಬೇಕೆನ್ನಿಸಿತು. ಅಕ್ಕ? ಗಂಡನಿಗೆ ನೆಗಡಿಯಾದರೆ ತಾನು ನಿದ್ದೆಗೆಡುವ ಅಕ್ಕ? ಅವರದೇ ಔಷಧಿಯನ್ನು ನೀರಿಗೆ ಬೆರೆಸಿ, ಅವರ ಮೇಲೇ ಸಾಕ್ಷಿ ಕಟ್ಟಿದಳೇ? ಫ್ರಿಜ್ಜು ಅವಳ ಕೈಯಲ್ಲಿತ್ತು. ಬಾಟಲಿ ಅವಳ ಕೈಯಲ್ಲಿತ್ತು. ಔಷಧಿ ಮನೆಯ ಹಿತ್ತಲಿನಲ್ಲೇ ಇತ್ತು. ಇದೆಲ್ಲ ಬೆಳಗಿನಿಂದ ನನ್ನ ಕಣ್ಣ ಮುಂದೆಯೇ ಇತ್ತು. ನಾನು ಗಣಿಯನ್ನೊಂದು ಬಿಟ್ಟು ಬೇರೇನನ್ನೂ ನೋಡಲಿಲ್ಲ.

ಫೋನ್ ತೆಗೆದು ಅಕ್ಕನ ನಂಬರು ಒತ್ತಿದೆ. ಅವಳು ಮೊದಲನೇ ರಿಂಗಿಗೇ ಎತ್ತಿದಳು.

"ಹುಳಿಯಪ್ಪ ಹೇಳಿದ್ನಾ?" ಎಂದಳು. ಹಲೋ ಇಲ್ಲ, ಏನಿಲ್ಲ.

"ಯಾಕೆ ಅಕ್ಕ? ಯಾಕೆ ಹೀಗೆ ಮಾಡ್ದೆ? ಭಾವ ನಿನಗೇನು ಮಾಡಿದ್ರು?"

"ಅವರು ನೋಡಿಬಿಟ್ಟಿದ್ರು ಕಣೆ. ಬೆಳಗಿನ ಜಾವ ಔಷಧಿ ಹೊಡೆಯೋಕೆ ಹೋದಾಗ. ಏರಿ ತಾನಾಗೇ ಒಡೀಲಿಲ್ಲ. ಗಣಿಯವರೇ ಒಡೆಸಿದ್ರು. ನಿಂತು ಒಡೆಸ್ತಿದ್ದೋರನ್ನ ಇವರು ನೋಡಿದ್ರು, ಅವರೂ ಇವರನ್ನ ನೋಡಿದ್ರು. ಮಾರನೆ ದಿನ ಇಬ್ಬರು ಆಸ್ಪತ್ರೆಗೆ ಬಂದು ನನ್ನ ಹತ್ರಾನೇ ಕೇಳ್ತಾರೆ, ನಿಮ್ಮೆಜಮಾನ್ರು ದಿನಾ ಯಾವ ದಾರೀಲಿ ಮನೆಗೆ ಬರ್ತಾರೆ ಅಂತ. ಬೇಡಾಂದ್ರೆ ಇವರು ಕೇಳಲ್ಲ. ಪೊಲೀಸ್ರನ್ನ ನಂಬಲ್ಲ, ಗಣಿಗೇ ಹೋಗಿ ಎಲ್ಲರ ಮುಂದೆ ಹೇಳ್ತೀನಿ ಅಂತ ಹಟ. ನಾನೇನು ಮಾಡ್ಲಿ? ಸ್ಟೇಷನ್ ಒಳಗಿದ್ರೆ, ಜೈಲಲ್ಲಿದ್ರೆ ಜೀವ ಆದ್ರೂ ಉಳಿಯುತ್ತೆ ಅಂತ..."

ನಾನು ಸ್ಪೀಕರ್ ಒತ್ತಿ ಫೋನನ್ನು ಇನ್ಸ್‌ಪೆಕ್ಟರ್ ಕಡೆ ಹಿಡಿದೆ.

"ಪುಟ್ಟಿ, ನನ್ನನ್ನ ಏನು ಬೇಕಾದ್ರೂ ಮಾಡ್ಲಿ. ಅವರನ್ನ ಮಾತ್ರ ಹೊರಗೆ ಬಿಡಿಸ್ಬೇಡ. ಅವರು ಇನ್ನೂ ಸ್ಟೇಷನ್ನಲ್ಲೇ ಇದ್ದಾರೆ ತಾನೇ?"

ನಾನು ಇನ್ಸ್‌ಪೆಕ್ಟರ್ ಮುಖ ನೋಡಿದೆ. ಅವರು ಆಗಲೇ ಸ್ಟೇಷನ್ನಿಗೆ ಫೋನ್ ಹಚ್ಚಿ ಕಿವಿಗೆ ಒತ್ತಿಕೊಂಡಿದ್ದರು. ಆ ಕಡೆಯವನ ಉತ್ತರ ಕೇಳಿ ಅವರ ಕೈ ನಿಧಾನವಾಗಿ ಕೆಳಗಿಳಿಯಿತು.

"ನಾವು ಹೊರಟ ಹಿಂದೆನೇ ಹೋದನಂತೆ" ಎಂದರು. "ಮನೆ ಕಡೆ ಅಲ್ಲ. ಗಣಿ ಕಡೆ."

ಗಣಿಗೆ ಇರುವುದು ನಾವು ಬಂದ ದಾರಿ ಒಂದೇ. ಆ ದಾರಿಯಲ್ಲಿ ನಮ್ಮ ಹಿಂದೆ ಯಾವ ಬೈಕೂ ಬಂದು ತಲುಪಿರಲಿಲ್ಲ.

"ಪುಟ್ಟಿ?" ಎಂದಳು ಅಕ್ಕ ಫೋನಿನಲ್ಲಿ. "ಮಾತಾಡೇ. ಅವರು ಅಲ್ಲೇ ಇದ್ದಾರೆ ತಾನೇ?"